ಅದು ನಿದ್ದೆ ಅಲ್ಲ

ನಮ್ಮ ಗಂಗಾವತಿ ಕಡೆ ಹಾವು ಕಚ್ಚಿದವರನ್ನು ಮಲಗಲು ಬಿಡುವುದಿಲ್ಲ. ಮುಖಕ್ಕೆ ನೀರು ಎರಚುತ್ತಾರೆ, ಬಾಯಿಗೆ ಬೇವಿನ ಎಲೆ ತುರುಕುತ್ತಾರೆ. ಕಹಿ ಹತ್ತಿದರೆ ವಿಷ ಏರಿಲ್ಲ ಅಂತ ಲೆಕ್ಕ. ನಾನು ಹುಡುಗನಿದ್ದಾಗ ನೆಲದ ಮೇಲೆ ಮಲಗಿದ್ದ ಒಬ್ಬರಿಗೆ ಕಟ್ಟುಹಾವು ಕಚ್ಚಿತ್ತು. ಬೆಳಗಿನ ಜಾವ ಗುಡಿ ಕಟ್ಟೆಗೆ ಒರಗಿಸಿ ಕೂರಿಸಿದ್ದರು. ರೆಪ್ಪೆ ಅರ್ಧ ಇಳಿದಿತ್ತು. 'ಕಾಕಾ, ಕಣ್ಣು ತೆಗಿ, ಮಲಗಬ್ಯಾಡ' ಅಂತ ಎಲ್ಲರದೂ ಒಂದೇ ಕೂಗು. ಕಾಕಾಗೆ ನಿದ್ದೆ ಬಂದಿರಲೇ ಇಲ್ಲ. ರೆಪ್ಪೆ ಎತ್ತುವ ಸ್ನಾಯುವಿಗೆ ಅಪ್ಪಣೆ ತಲುಪುತ್ತಿರಲಿಲ್ಲ, ಅಷ್ಟೇ.

ನರ ಸ್ನಾಯುವನ್ನು ಮುಟ್ಟುವುದಿಲ್ಲ. ನಡುವೆ ಸುಮಾರು 50 ನ್ಯಾನೋಮೀಟರ್ ಸಂದಿ. ಕೂದಲೆಳೆಯ ದಪ್ಪದ ಸಾವಿರದಲ್ಲೊಂದು ಪಾಲೂ ಇಲ್ಲ, ಆದರೂ ನರದಲ್ಲಿ ಅಪ್ಪಣೆ ಹೊತ್ತು ಬರುವ ಕರೆಂಟ್ ದಾಟಲಾರದು. ಆನೆಗುಂದಿ ದಡಕ್ಕೆ ಬಂದು ನಿಂತ ಹಾಗೆ. ಆಚೆ ಹಂಪಿ, ದಾಟಲು ಹರಗೋಲು ಬೇಕು. ಇಲ್ಲಿ ಹರಗೋಲು ಅಂದರೆ ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕ. ನರದ ತುದಿಯ ಸಣ್ಣ ಸಣ್ಣ ಚೀಲಗಳಲ್ಲಿ ಸಾವಿರಗಟ್ಟಲೆ ತುಂಬಿಟ್ಟಿರುತ್ತದೆ. ಕರೆಂಟ್ ಬಂದಾಗ ಕ್ಯಾಲ್ಸಿಯಂ ಒಳನುಗ್ಗಿ ಚೀಲ ಬಿಚ್ಚುತ್ತದೆ. ಹರಗೋಲುಗಳು ಆಚೆ ದಡದ ಗೂಟ ಹಿಡಿಯುತ್ತವೆ. ಒಂದೊಂದು ಗೂಟಕ್ಕೆ ಎರಡೆರಡು ಸೇರಿದರೆ ಬಾಗಿಲು ತೆರೆದು ಸೋಡಿಯಂ ಒಳಗೆ ಹೋಗುತ್ತದೆ, ಸ್ನಾಯು ಬಿಗಿಯುತ್ತದೆ. ಅಷ್ಟರಲ್ಲಿ ದಡದಲ್ಲೇ ಕಾದಿದ್ದ ಒಂದು ಕಿಣ್ವ ಹರಗೋಲುಗಳನ್ನು ಮುರಿದು ಜಾಗ ಖಾಲಿ ಮಾಡುತ್ತದೆ. ಹೊಲಕ್ಕೆ ಹೊಡೆಯುವ ಎಣ್ಣೆಗಳಲ್ಲಿ ಕೆಲವು ಕಟ್ಟಿ ಹಾಕುವುದು ಈ ಕಿಣ್ವದ ಕೈಯನ್ನೇ.

ನಾಗರಹಾವಿನ ವಿಷ ಗೂಟಗಳನ್ನು ತಾನೇ ಹಿಡಿದು ಕೂರುತ್ತದೆ. ಹಾಗಾಗಿ ನಿಯೋಸ್ಟಿಗ್ಮಿನ್ ಅನ್ನುವ ಔಷಧಿ ಕೊಟ್ಟು ಕಿಣ್ವವನ್ನು ಸ್ವಲ್ಪ ಹೊತ್ತು ತಡೆದರೆ ಹರಗೋಲುಗಳು ಜಾಸ್ತಿಯಾಗಿ, ಎಷ್ಟೋ ಸಲ ರೆಪ್ಪೆ ಮೇಲೇಳುತ್ತದೆ. ನಮ್ಮ ಕಟ್ಟುಹಾವಿನದು ಬೇರೆ ಕಥೆ. ಅದರ ವಿಷ ಮುಖ್ಯವಾಗಿ ಈಚೆ ದಡವನ್ನೇ, ಅಂದರೆ ನರದ ತುದಿಯನ್ನೇ ಕೆಡಿಸುತ್ತದೆ. ಹರಗೋಲೇ ಹೊರಡದಿದ್ದರೆ ನಿಯೋಸ್ಟಿಗ್ಮಿನ್ ಏನು ಮಾಡೀತು? ವಿಷನಿರೋಧಕ ಚುಚ್ಚುಮದ್ದು ರಕ್ತದಲ್ಲಿರುವ ವಿಷವನ್ನು ಹಿಡಿಯುತ್ತದೆ, ಕೆಟ್ಟ ತುದಿಯನ್ನು ರಿಪೇರಿ ಮಾಡುವುದಿಲ್ಲ. ಉಸಿರೆಳೆಯುವ ಸ್ನಾಯುವಿಗೂ ಅಪ್ಪಣೆ ತಲುಪದಿದ್ದರೆ, ತುದಿ ತಾನಾಗಿ ಬೆಳೆಯುವವರೆಗೆ ಉಸಿರಾಡಿಸುತ್ತಾ ಕಾಯಬೇಕು.

ಕಾದರೆ ಬದುಕುತ್ತಾರೆ ಅಂತ 1814ರಲ್ಲೇ ಒಂದು ಕತ್ತೆ ತೋರಿಸಿಕೊಟ್ಟಿತ್ತು. ದಕ್ಷಿಣ ಅಮೆರಿಕದ ಬೇಟೆಗಾರರು ಬಾಣಕ್ಕೆ ಸವರುವ ಕ್ಯುರಾರೆ ಕೂಡ ನಾಗರಹಾವಿನ ಹಾಗೆ ಗೂಟ ಹಿಡಿಯುವ ವಿಷ. ಇಂಗ್ಲೆಂಡಿನ ನಿಸರ್ಗತಜ್ಞ ಚಾರ್ಲ್ಸ್ ವಾಟರ್ಟನ್ ಅದನ್ನು ಲಂಡನ್ನಿನಲ್ಲಿ ಒಂದು ಹೆಣ್ಣು ಕತ್ತೆಗೆ ಹಾಕಿಸಿದ. ಕತ್ತೆ ಸತ್ತಂತೆ ಬಿತ್ತು. ಶ್ವಾಸನಾಳ ಸೀಳಿ, ತಿದಿಯಿಂದ ಗಂಟೆಗಟ್ಟಲೆ ಗಾಳಿ ಊದಿದರು. ಎದ್ದು ನಿಂತ ಕತ್ತೆ ಮುಂದೆ 25 ವರ್ಷ ಹುಲ್ಲು ಮೇಯ್ದುಕೊಂಡಿತ್ತು!

ಬೇವಿನ ಎಲೆಯ ವಿಚಾರಕ್ಕೆ ನನಗೆ ಸಿಟ್ಟು ಬರುವುದು ಸುಮ್ನೆ ಅಲ್ಲ. ನುಂಗುವುದಕ್ಕೂ ಸ್ನಾಯು ಬೇಕಲ್ವಾ? ಅದೂ ಸೋತಿರುವಾಗ ಬಾಯಿಗೆ ಹಾಕಿದ್ದು ಶ್ವಾಸನಾಳಕ್ಕೆ ಇಳಿಯುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ ಗಾಡಿ ಹತ್ತಿಸಬೇಕು.

ಕಾಕಾನನ್ನು ಕೊನೆಗೂ ಯಾರೋ ಜೀಪಿಗೆ ಹಾಕಿಕೊಂಡು ಹೋದರು. ಆಸ್ಪತ್ರೆಯಲ್ಲಿ ಉಸಿರಾಟದ ಮಷಿನ್‌ಗೆ ಹಾಕಿದರು. ಹತ್ತು ದಿನಕ್ಕೆ ಊರಿಗೆ ಬಂದವರೇ ಅದೇ ಕಟ್ಟೆಯ ಮೇಲೆ ಕೂತು, ಅವತ್ತು ಯಾರು ಅತ್ತರು, ಯಾರು ಆಗಲೇ ಹೊಲದ ಪಾಲಿನ ಮಾತೆತ್ತಿದ್ದರು ಅಂತ ಒಬ್ಬೊಬ್ಬರ ಹೆಸರು ಹಿಡಿದು ಹೇಳಿದರು.