ಎಕ್ಸ್‌ರೇ ಇಲ್ಲದೆ ಬರುವ ಮೂಳೆಚೂರು

ಮಂಡ್ಯದ ಕಡೆಯಿಂದ ಮೈಸೂರಿನ ನಮ್ಮ ಪ್ರಯೋಗಾಲಯಕ್ಕೆ ಬರುವ ಮೂಳೆಯ ಬಯಾಪ್ಸಿಗಳ ಚೀಟಿಯಲ್ಲಿ ಎಷ್ಟೋ ಬಾರಿ ಒಂದೇ ಬಗೆಯ ವಿವರವಿರುತ್ತದೆ: 14ರ ಹುಡುಗ, ಆಡುವಾಗ ಬಿದ್ದಿದ್ದಾನೆ, ಮೊಣಕಾಲು ನೋವು, ಎರಡು ತಿಂಗಳು ಎಣ್ಣೆ ನೀವಿಸಿ ಕಟ್ಟು ಹಾಕಿಸಲಾಗಿದೆ. ಆ ಚೂರಿನಲ್ಲಿ ನಾವು ಕೆಲವೊಮ್ಮೆ ಕಾಣುವುದು ಆಸ್ಟಿಯೋಸಾರ್ಕೋಮಾ ಎಂಬ ಮೂಳೆಯ ಕ್ಯಾನ್ಸರ್ ಗಡ್ಡೆಯನ್ನು. ಬಿದ್ದದ್ದರಿಂದ ಈ ಗಡ್ಡೆ ಹುಟ್ಟುವುದಿಲ್ಲ. ಮೊದಲೇ ಇದ್ದ ಗಡ್ಡೆ ಬಿದ್ದ ನೆಪದಲ್ಲಿ ಮನೆಯವರ ಕಣ್ಣಿಗೆ ಬೀಳುತ್ತದೆ, ಅಷ್ಟೆ.

ಆಸ್ಟಿಯೋಸಾರ್ಕೋಮಾ ಅಪರೂಪದ ಕಾಯಿಲೆಯೇ ಆದರೂ, ಮೂಳೆಯೊಳಗಿನ ಮಜ್ಜೆಯ ಕ್ಯಾನ್ಸರ್ ಆದ ಮೈಲೋಮಾವನ್ನು ಬಿಟ್ಟರೆ, ಮೂಳೆಯಲ್ಲೇ ಹುಟ್ಟುವ ಕ್ಯಾನ್ಸರ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಮಕ್ಕಳು ಸರಸರನೆ ಎತ್ತರ ಬೆಳೆಯುವ 10ರಿಂದ 20 ವರ್ಷದೊಳಗೆ, ಮೂಳೆ ಉದ್ದವಾಗುವ ಜಾಗದ ಪಕ್ಕದಲ್ಲೇ, ಅಂದರೆ ತೊಡೆಮೂಳೆಯ ಕೆಳತುದಿ, ಮೊಣಕಾಲಿನ ಕೆಳಗಿನ ಮೂಳೆಯ ಮೇಲ್ತುದಿ ಅಥವಾ ಭುಜದ ಬಳಿ ಇದು ತಲೆಯೆತ್ತುತ್ತದೆ. ಬೆಳೆಯುವ ಮಕ್ಕಳಿಗೆ ಕಾಲುನೋವು ಸಹಜ ಎಂಬ ಮಾತು ಸುಳ್ಳಲ್ಲ, ಆದರೆ ಆ ನೋವು ಸಾಮಾನ್ಯವಾಗಿ ಎರಡೂ ಕಾಲುಗಳಲ್ಲಿ ಬಂದು ಬೆಳಗಾಗುವಷ್ಟರಲ್ಲಿ ಮಾಯವಾಗುತ್ತದೆ. ಒಂದೇ ಕಡೆ ನಿಂತು, ರಾತ್ರಿ ನಿದ್ದೆಗೆಡಿಸಿ, ವಾರದಿಂದ ವಾರಕ್ಕೆ ಏರುವ ನೋವು ಬೇರೆಯದು. ಊತ ಕಾಣುವುದು ಅದರ ಬಳಿಕ. ಕೆಲವರಲ್ಲಿ ಶಿಥಿಲವಾದ ಮೂಳೆ ಸಣ್ಣ ಪೆಟ್ಟಿಗೇ ಮುರಿಯುತ್ತದೆ.

ಗಡ್ಡೆ ಮೂಳೆಯ ಹೊರಪದರವನ್ನು ಕೊರೆದು ಮೇಲಿನ ಪೊರೆಯನ್ನು ಎತ್ತಿದಾಗ, ಎತ್ತಿದ ಅಂಚಿನಲ್ಲಿ ಹೊಸ ಮೂಳೆ ತ್ರಿಕೋನವಾಗಿ ಬೆಳೆಯುತ್ತದೆ. ಎಕ್ಸ್‌ರೇಯಲ್ಲಿ ಕಾಣುವ ಇದನ್ನು ಕಾಡ್ಮನ್ ತ್ರಿಕೋನ ಎನ್ನುತ್ತೇವೆ. ಸೂರ್ಯನ ಕಿರಣಗಳಂತೆ ಹರಡಿದ ಗೆರೆಗಳೂ ಕೆಲವೊಮ್ಮೆ ಇರುತ್ತವೆ.

ನಮಗೆ ಬಂದ ಚೂರು ಗಟ್ಟಿಯಾಗಿದ್ದರೆ ಆಮ್ಲದಲ್ಲಿಟ್ಟು ಸುಣ್ಣ ಕರಗಿಸದೆ ಕತ್ತರಿಸಲಾಗದು, ವರದಿ ತಡವಾಗುವುದು ಬಹುತೇಕ ಇದರಿಂದಲೇ. ಸೂಕ್ಷ್ಮದರ್ಶಕದಡಿ ನಾನು ಹುಡುಕುವುದು ವಿಕಾರಗೊಂಡ ಕೋಶಗಳು ತಾವೇ ನೇಯ್ದ ಗುಲಾಬಿ ಬಣ್ಣದ ಕಸೂತಿಯಂಥ ಎಳೆಮೂಳೆಯನ್ನು, ಅಂದರೆ ಆಸ್ಟಿಯಾಯ್ಡ್ ಅನ್ನು. ಅದಿಲ್ಲದೆ ಈ ಹೆಸರು ಕೊಡಲಾಗದು. ತೊಡಕೆಂದರೆ, ಮುರಿದ ಮೂಳೆ ಕೂಡಿಕೊಳ್ಳುವಾಗಲೂ ಎಳೆಮೂಳೆ ಭರದಿಂದ ಹುಟ್ಟುತ್ತದೆ, ಅದರ ಕೋಶಗಳೂ ದಪ್ಪಗೆ ಕಂಡು ವಿಭಜನೆಗೊಳ್ಳುತ್ತಿರುತ್ತವೆ. ಆದರೆ ಅಲ್ಲಿ ಕೋಶಗಳು ಮೂಳೆಯ ಅಂಚಿಗೆ ಸಾಲಾಗಿ ಕೂತಿರುತ್ತವೆ, ಇಲ್ಲಿ ಸಾಲೂ ಇಲ್ಲ, ಕ್ರಮವೂ ಇಲ್ಲ. ಚೂರು ಕಡ್ಡಿಯಷ್ಟು ಸಣ್ಣದಾದಾಗ ಈ ವ್ಯತ್ಯಾಸ ಕೈಕೊಡುವುದರಿಂದ, ಎಕ್ಸ್‌ರೇ ನೋಡದೆ ನಾನು ಸಹಿ ಹಾಕುವುದಿಲ್ಲ. ಕೆಲವು ಸಹೋದ್ಯೋಗಿಗಳಿಗೆ ಇದು ಹಟವಾಗಿ ಕಾಣುತ್ತದೆ.

ಚೂರು ತೆಗೆಯುವ ದಾರಿಯೂ ಮುಖ್ಯ. ಸೂಜಿ ಹೋದ ಹಾದಿಯಲ್ಲಿ ಗಡ್ಡೆಯ ಕೋಶಗಳು ಉಳಿಯಬಹುದಾದ್ದರಿಂದ ಆ ಹಾದಿಯನ್ನೂ ಗಡ್ಡೆಯೊಂದಿಗೇ ತೆಗೆಯಬೇಕಾಗುತ್ತದೆ. ಹಾಗಾಗಿ ಮುಂದೆ ಶಸ್ತ್ರಚಿಕಿತ್ಸೆ ಮಾಡುವವರೇ ಚೂರನ್ನು ತೆಗೆಯುವುದು, ಇಲ್ಲವೇ ಅವರು ಹೇಳಿದ ಜಾಗದಲ್ಲಿ ತೆಗೆಸುವುದು ಕ್ಷೇಮ. ಕಾಲಿಗೆ ಅಡ್ಡಲಾಗಿ ಕೊಯ್ದು ತೆಗೆದ ಚೂರೊಂದು ಹಿಂದೊಮ್ಮೆ ನನ್ನ ಮೇಜಿಗೆ ಬಂದಿತ್ತು. ಉಳಿಸಬಹುದಾಗಿದ್ದ ಆ ಕಾಲನ್ನು ಕೊನೆಗೆ ತೆಗೆಯಬೇಕಾಯಿತು.

ಈ ಗಡ್ಡೆ ರಕ್ತದ ಮೂಲಕ ಮೊದಲು ಸೇರುವುದು ಸಾಮಾನ್ಯವಾಗಿ ಶ್ವಾಸಕೋಶವನ್ನು, ಆದ್ದರಿಂದ ಎದೆಯ ಸಿ.ಟಿ. ಬಿಡುವಂತಿಲ್ಲ. ಬಳಿಕ ಕೀಮೋಥೆರಪಿ, ಆಮೇಲೆ ಶಸ್ತ್ರಚಿಕಿತ್ಸೆ. ತೆಗೆದ ಮೂಳೆ ಮತ್ತೆ ನಮ್ಮಲ್ಲಿಗೇ ಬರುತ್ತದೆ. ಅದನ್ನು ಉದ್ದಕ್ಕೆ ಸೀಳಿ, ಚೌಕಚೌಕವಾಗಿ ಪರೀಕ್ಷಿಸಿ, ಗಡ್ಡೆಯ ಎಷ್ಟು ಭಾಗ ಔಷಧಕ್ಕೆ ಸತ್ತಿದೆಯೆಂದು ಲೆಕ್ಕ ಹಾಕುತ್ತೇವೆ. ಶೇ. 90ಕ್ಕಿಂತ ಹೆಚ್ಚು ಸತ್ತಿದ್ದರೆ ಮುಂದಿನ ದಿನಗಳ ಬಗ್ಗೆ ಭರವಸೆಯಿಂದ ಮಾತಾಡಬಹುದು.