ದೇವರಾಜ ಮಾರುಕಟ್ಟೆಯ ಜಗಳ ಶುರುವಾದದ್ದು ಎಲ್ಲಿಂದ?

ಆಗಸ್ಟ್ ತಿಂಗಳು ಮೈಸೂರಿನ ಹಳೇ ಕಟ್ಟಡಗಳಿಗೆ ಆಗಿಬರುವುದಿಲ್ಲ. 2012ರ ಆಗಸ್ಟ್ 25ರಂದು ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್ 28ರಂದು ದೇವರಾಜ ಮಾರುಕಟ್ಟೆಯ ಉತ್ತರ ಬಾಗಿಲು, ಧನ್ವಂತರಿ ರಸ್ತೆ ಕಡೆಯದು, ನೆಲಕ್ಕೆ ಬಿತ್ತು. ಪುಣ್ಯಕ್ಕೆ ಆ ಸಲ ಯಾರ ಜೀವವೂ ಹೋಗಲಿಲ್ಲ. ಅಲ್ಲಿಂದೀಚೆಗೆ ಊರು ಎರಡು ಪಾಳಯವಾಗಿ ನಿಂತಿದೆ. ಕೆಡವಿ ಹೊಸದಾಗಿ ಕಟ್ಟಿ ಅನ್ನುವವರು ಒಂದು ಕಡೆ, ರಿಪೇರಿ ಮಾಡಿ ಉಳಿಸಿ ಅನ್ನುವವರು ಇನ್ನೊಂದು ಕಡೆ.

ಜಾಗ ಎಂಥದ್ದು ಅನ್ನುವುದನ್ನು ಮೊದಲು ನೋಡೋಣ. ದಕ್ಷಿಣಕ್ಕೆ ಚಿಕ್ಕಗಡಿಯಾರ, ಉತ್ತರಕ್ಕೆ ಧನ್ವಂತರಿ ರಸ್ತೆ, ಪೂರ್ವಕ್ಕೆ ದಸರಾ ಮೆರವಣಿಗೆ ಸಾಗುವ ಸಯ್ಯಾಜಿರಾವ್ ರಸ್ತೆ, ಪಶ್ಚಿಮಕ್ಕೆ ಬ್ರ್ಯಾಂಡ್ ಅಂಗಡಿಗಳು ತುಂಬಿರುವ ದೇವರಾಜ ಅರಸು ರಸ್ತೆ. ಮೂರೂವರೆ ಎಕರೆ ದಾಟುವ ಜಾಗ, 800ಕ್ಕೂ ಹೆಚ್ಚು ಮಳಿಗೆ. ಊರಿನ ನಟ್ಟನಡುವೆ ಇಷ್ಟು ದೊಡ್ಡ ಜಾಗದಲ್ಲಿ ಎತ್ತರದ ಕಟ್ಟಡ ಇಲ್ಲ ಅಂದರೆ, ಅದರ ಮೇಲೆ ಕಣ್ಣು ಬೀಳದೆ ಇರುತ್ತದೆಯೇ?

ಮುಂಚೆ ಇಲ್ಲಿ ವಾರದ ಸಂತೆ ಸೇರುತ್ತಿತ್ತಂತೆ. ಹದಿನೇಳನೇ ಶತಮಾನದ ದೊಡ್ಡ ದೇವರಾಜ ಒಡೆಯರ ಹೆಸರೇ ಮಾರುಕಟ್ಟೆಗೆ ನಿಂತಿತು. ಕಾಯಂ ಕಟ್ಟಡ ಎದ್ದದ್ದು 1886ರ ಸುಮಾರಿಗೆ, ಹತ್ತನೇ ಚಾಮರಾಜ ಒಡೆಯರ ಕಾಲದಲ್ಲಿ. 1881ರಲ್ಲಿ ಬ್ರಿಟಿಷರು ಸಂಸ್ಥಾನವನ್ನು ಒಡೆಯರಿಗೆ ಮರಳಿಸಿದ್ದರು. ಊರನ್ನು ಚೊಕ್ಕ ಮಾಡುವ ಕೆಲಸ ಅದಾದ ಮೇಲೆ ಬಿರುಸಾಯಿತು. ಕಾವೇರಿ ನೀರು ತರುತ್ತೇನೆಂದು ದಿವಾನ್ ಪೂರ್ಣಯ್ಯ ತೋಡಿಸಿದ್ದ ನಾಲೆ ನೀರು ತರಲಿಲ್ಲ, ಕೊಳಕು ಮಾತ್ರ ತುಂಬಿಕೊಂಡಿತ್ತು. ಊರೊಳಗಿನ ಅದರ ಭಾಗವನ್ನು ಮುಚ್ಚಿದರು. ಅದೇ ಜಾಡಿನ ಮೇಲೆ ಸಯ್ಯಾಜಿರಾವ್ ರಸ್ತೆ ಬಂತು ಅನ್ನುತ್ತಾರೆ. ವೈಸರಾಯ್ ಡಫರಿನ್ ಬಂದುಹೋದ ನೆನಪಿಗೆ ಚಿಕ್ಕಗಡಿಯಾರ, 1892ರಲ್ಲಿ ವೈಸರಾಯ್ ಲ್ಯಾನ್ಸ್‌ಡೌನ್ ಬಂದ ನೆನಪಿಗೆ ಅಂಗಡಿಗಳ ಲ್ಯಾನ್ಸ್‌ಡೌನ್ ಕಟ್ಟಡ. 1925ರ ಹೊತ್ತಿಗೆ ಮಾರುಕಟ್ಟೆ ಇನ್ನಷ್ಟು ಹಿಗ್ಗಿತು. ಅಂದರೆ ಇವತ್ತು ನಾವು ಪರಂಪರೆ ಅನ್ನುವುದು ಆ ಕಾಲದ ನಗರ ಅಭಿವೃದ್ಧಿ ಯೋಜನೆಯೇ. ಅವತ್ತು ಅದು ಹೊಚ್ಚಹೊಸ ಶೈಲಿ, ಹಳೇ ಸಂತೆಯನ್ನು ಎಬ್ಬಿಸಿ ಕಟ್ಟಿದ್ದು.

ಗೋಡೆಗಳು ಇಟ್ಟಿಗೆ ಮತ್ತು ಸುಣ್ಣದ ಗಾರೆಯವು. ಚಾವಣಿಯಲ್ಲಿ ಮದ್ರಾಸ್ ತಾರಸಿ ಇದೆ, ಹೆಂಚೂ ಇದೆ. ಮದ್ರಾಸ್ ತಾರಸಿ ಅಂದರೆ ಮರದ ತೊಲೆ ಜೋಡಿಸಿ, ಅದರ ಮೇಲೆ ತೆಳು ಇಟ್ಟಿಗೆಯನ್ನು ಸುಣ್ಣದಲ್ಲಿ ಒತ್ತೊತ್ತಾಗಿ ನಿಲ್ಲಿಸಿ, ಮೇಲೆ ಸುಣ್ಣದ ಕಾಂಕ್ರೀಟ್ ಬಡಿಯುವುದು. ನೂರು ವರ್ಷ ಆರಾಮಾಗಿ ಬಾಳುವ ಪದ್ಧತಿ, ಆದರೆ ಒಂದು ಷರತ್ತಿದೆ: ನೀರು ಒಳಗೆ ನಿಲ್ಲಬಾರದು. ತೊಲೆಯ ತುದಿ ಗೋಡೆಯೊಳಗೆ ಕೂತಿರುತ್ತದೆ. ಮಳೆನೀರು ಇಳಿದರೆ ಮೊದಲು ಕೊಳೆಯುವುದು ಆ ತುದಿಯೇ. ಸುಣ್ಣದ ಗೋಡೆ ತೇವ ಕುಡಿಯುತ್ತದೆ, ಬಿಸಿಲಿಗೆ ಬಿಟ್ಟುಕೊಡುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಉಳಿಯುತ್ತದೆ. ಹೊರಗಿನಿಂದ ಗೋಡೆ ಗಟ್ಟಿಮುಟ್ಟಾಗಿ ಕಾಣುತ್ತದೆ, ಒಳಗೆ ಗಾರೆ ಪುಡಿಯಾಗುತ್ತಾ ಹೋಗುತ್ತದೆ. ಸಂದಿಯಲ್ಲಿ ಅರಳಿಗಿಡ ಬೇರು ಬಿಟ್ಟರೆ ಕಥೆ ಮುಗಿದಂತೆ.

ಇದೆಲ್ಲ ಆಗದಂತೆ ಯಾರು ನೋಡಿಕೊಳ್ಳಬೇಕಿತ್ತು? ಕಟ್ಟಡ ನಗರಪಾಲಿಕೆಯದು, ಅಂಗಡಿ ಬಾಡಿಗೆದಾರರದು. ಬಾಡಿಗೆ ದಶಕಗಟ್ಟಲೆ ಬಹಳ ಕಡಿಮೆ ಇತ್ತು. ಮಳಿಗೆಗಳು ಒಬ್ಬರಿಂದ ಇನ್ನೊಬ್ಬರ ಕೈಗೆ ದಾಟುತ್ತಾ ಹೋದವು. ಮಾಲೀಕನಿಗೆ ಆದಾಯವಿಲ್ಲ, ಹಾಗಾಗಿ ರಿಪೇರಿಗೆ ಮನಸ್ಸಿಲ್ಲ. ಬಾಡಿಗೆದಾರನಿಗೆ ಹಕ್ಕಿಲ್ಲ, ಹಾಗಾಗಿ ಗೋಡೆಗೆ ದುಡ್ಡು ಹಾಕುವ ಧೈರ್ಯವಿಲ್ಲ. ಆದರೆ ಅಟ್ಟ ಕಟ್ಟುವುದಕ್ಕೆ, ಗೋಡೆ ಕೊರೆದು ವೈರ್ ಎಳೆಯುವುದಕ್ಕೆ, ಮುಂದಕ್ಕೆ ಶೀಟ್ ಚಾಚುವುದಕ್ಕೆ ಯಾರೂ ಹಿಂದೆ ಬೀಳಲಿಲ್ಲ. ಮಾರುಕಟ್ಟೆ ಉಳಿಯಬೇಕು ಅನ್ನುವ ಪಾಳಯದಲ್ಲೇ ನಾನೂ ಇದ್ದೇನೆ. ಹಾಗಂತ ವ್ಯಾಪಾರಿಗಳದ್ದು ಏನೂ ತಪ್ಪಿಲ್ಲ ಅನ್ನುವುದು ಸುಮ್ನೆ ಮಾತು.

2012ರ ಸಾವುಗಳು ಎಲ್ಲವನ್ನೂ ಬದಲಿಸಿದವು. ಹಳೇ ಪಠ್ಯಪುಸ್ತಕ ಕೊಳ್ಳಲು ಪ್ರತಿ ಜೂನ್‌ನಲ್ಲಿ ಮಕ್ಕಳು ಮುತ್ತುತ್ತಿದ್ದ ಲ್ಯಾನ್ಸ್‌ಡೌನ್ ಕಟ್ಟಡದಿಂದ ಅಂಗಡಿಗಳನ್ನು ತೆರವು ಮಾಡಿದರು. ಮುಂದೆ ದುರಸ್ತಿ ಶುರುವಾಯಿತು, ನಡುವೆಯೇ ನಿಂತೂ ಹೋಯಿತು. ದೇವರಾಜ ಮಾರುಕಟ್ಟೆಯ ವಿಚಾರ ಇನ್ನೂ ವಿಚಿತ್ರ. ಅಲ್ಲಿ 2016ರಲ್ಲಿ ಬಾಗಿಲು ಬಿದ್ದದ್ದು ನವೀಕರಣ ನಡೆಯುತ್ತಿದ್ದಾಗಲೇ. ಸುಣ್ಣದ ಕಟ್ಟಡದ ಗುಣ ಗೊತ್ತಿಲ್ಲದವರ ಕೈಗೆ ಕೆಲಸ ಕೊಟ್ಟದ್ದೇ ಕಾರಣ ಎಂದು ಪರಂಪರೆ ತಜ್ಞರು ದೂರಿದರು. ಆದರೆ ಆಡಳಿತದ ಲೆಕ್ಕದಲ್ಲಿ ಆ ಕುಸಿತ ರಿಪೇರಿಯ ಸೋಲು ಅನ್ನಿಸಿಕೊಳ್ಳಲಿಲ್ಲ, ಕಟ್ಟಡದ ಸೋಲು ಅನ್ನಿಸಿಕೊಂಡಿತು. ನೋಡಿ, ಬೀಳುತ್ತದೆ ಅಂದೆವಲ್ಲ, ಬಿತ್ತು ಎಂಬಂತೆ. ಇಡೀ ಜಗಳದ ಗಂಟು ಇಲ್ಲೇ ಇದೆ ಅನ್ನುವುದು ನನ್ನ ಅನಿಸಿಕೆ.

ಆಮೇಲೆ ಸಮಿತಿಗಳ ಕಾಲ. ಶಿಥಿಲವಾಗಿದೆ, ಕೆಡವಿ ಎಂದಿತು ಒಂದು ವರದಿ. ಉಳಿಸಬಹುದು ಎಂದಿತು ಪರಂಪರೆ ಉಳಿಸಲು ದುಡಿಯುವ ಸಂಸ್ಥೆ ಇಂಟ್ಯಾಕ್. ಎರಡೂ ಕಡೆ ಎಂಜಿನಿಯರ್‌ಗಳೇ, ನೋಡಿದ್ದೂ ಅದೇ ಗೋಡೆಗಳನ್ನೇ. ವ್ಯತ್ಯಾಸ ಬರುವುದು ಕೇಳುವ ಪ್ರಶ್ನೆಯಲ್ಲಿ. ಇಂದಿನ ಕಾಂಕ್ರೀಟ್ ಕಟ್ಟಡದ ಅಳತೆಗೋಲಿನಲ್ಲಿ ಇದು ಪಾಸಾಗುತ್ತದೆಯೇ ಎಂದರೆ ಉತ್ತರ ಇಲ್ಲ. ಕೊಳೆತ ತೊಲೆ ತೆಗೆದು, ಗಾರೆ ತುಂಬಿ, ಸಾಲು ಸಾಲಾಗಿ ಸರಿಮಾಡಿದರೆ ನಿಲ್ಲುತ್ತದೆಯೇ ಎಂದರೆ ಉತ್ತರ ಹೌದು. ರಾಜಮನೆತನದವರೂ ಉಳಿಸಿ ಎಂದೇ ಹೇಳಿಕೊಂಡು ಬಂದರು. ಬಾಡಿಗೆದಾರರು ಕೋರ್ಟಿಗೆ ಹೋದರು. 2023ರಲ್ಲಿ ಹೈಕೋರ್ಟ್ ಮಾರುಕಟ್ಟೆ, ಲ್ಯಾನ್ಸ್‌ಡೌನ್ ಎರಡೂ ಕಟ್ಟಡ ಕೆಡವಲು ದಾರಿ ಮಾಡಿಕೊಟ್ಟಿತು. ತೀರ್ಪು ಬಂತೆಂದು ತಕ್ಷಣ ಹಾರೆ ಬೀಳಲಿಲ್ಲ, ವಿರೋಧವೂ ನಿಲ್ಲಲಿಲ್ಲ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಮೈಸೂರಿನಲ್ಲಿ ಪಾರಂಪರಿಕ ಕಟ್ಟಡಗಳ ಪಟ್ಟಿ ಇದೆ, ಅದರಲ್ಲಿ ನೂರಕ್ಕೂ ಹೆಚ್ಚು ಕಟ್ಟಡಗಳಿವೆ. ಪಟ್ಟಿಯಲ್ಲಿ ಹೆಸರಿದ್ದರೆ ಮುಟ್ಟುವಂತಿಲ್ಲ ಎಂದು ಜನ ತಿಳಿದಿದ್ದಾರೆ. ಹಾಗೇನಿಲ್ಲ. ಕಾನೂನಿನಡಿ ಸಂರಕ್ಷಿತ ಸ್ಮಾರಕ ಎಂದು ಘೋಷಣೆಯಾಗುವುದೇ ಬೇರೆ. ಪಟ್ಟಿ ಗೌರವ ಕೊಡುತ್ತದೆ, ಹಣ ಕೊಡುವುದಿಲ್ಲ, ಅಂಥಾ ರಕ್ಷಣೆಯನ್ನೂ ಕೊಡುವುದಿಲ್ಲ. 2022ರಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೇ ಕಟ್ಟಡದ ಭಾಗ ಕುಸಿದಾಗಲೂ ಇದೇ ಚರ್ಚೆ ಮತ್ತೆ ಎದ್ದಿತು.

ಕೆಡವುವವರ ಮಾತು: ಹೊಸದನ್ನೂ ಹಳೇ ಶೈಲಿಯಲ್ಲೇ ಕಟ್ಟುತ್ತೇವೆ. ಕಮಾನು ಇರುತ್ತದೆ, ಹೆಬ್ಬಾಗಿಲು ಇರುತ್ತದೆ, ಕೆಳಗೆ ಪಾರ್ಕಿಂಗ್ ಕೂಡ ಸಿಗುತ್ತದೆ. ಕೇಳಲು ಚೆನ್ನಾಗಿದೆ. ಪಾರ್ಕಿಂಗ್ ಬೇಕು ಅನ್ನುವುದೂ ನಿಜ, ಅರಸು ರಸ್ತೆಯಲ್ಲಿ ಶನಿವಾರ ಸಂಜೆ ಕಾರು ನಿಲ್ಲಿಸಲು ಹೋದವರಿಗೆ ಗೊತ್ತು. ಆದರೆ ಕೂಗಳತೆ ದೂರದ ಪುರಭವನದ ಬಳಿ ನೆಲದಡಿ ಪಾರ್ಕಿಂಗ್ ಕೆಲಸ ಎಷ್ಟು ವರ್ಷ ಎಳೆಯಿತು ಎಂಬುದನ್ನು ಊರೆಲ್ಲ ಕಂಡಿದೆ. ಅದನ್ನು ನೋಡಿದ ವ್ಯಾಪಾರಿ 'ತಾತ್ಕಾಲಿಕ ಸ್ಥಳಾಂತರ' ಎಂದರೆ ಬೆಚ್ಚಿಬೀಳುವುದರಲ್ಲಿ ಆಶ್ಚರ್ಯವೇನಿದೆ?

ಇನ್ನು ಒಳಗಿರುವವರು ಯಾರು ನೋಡಿ. ಮಲ್ಲಿಗೆಯನ್ನು ಮಾರುಗಟ್ಟಲೆ ಅಳೆದು ಕೊಡುವವರು, ವೀಳ್ಯದೆಲೆ ಕವಳಿಗೆ ಕಟ್ಟುವವರು, ರಸಬಾಳೆ ಗೊನೆ ನೇತುಹಾಕಿದವರು, ಕುಂಕುಮದ ಗುಡ್ಡೆ ಪೇರಿಸಿ ಕೂತವರು, ಊದುಬತ್ತಿ, ಅತ್ತರಿನವರು. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ, ಮೂರಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಪ್ರವಾಸೋದ್ಯಮದ ಪೋಸ್ಟರ್‌ಗಳಿಗೆ ಈ ಬಣ್ಣಗಳೇ ಬೇಕು. ಇವರ ವ್ಯಾಪಾರ ನಡೆಯುವುದು ನೆಲಮಟ್ಟದಲ್ಲಿ, ಎರಡೂ ಕಡೆಯಿಂದ ಜನ ಹಾದುಹೋಗುವ ಓಣಿಗಳಲ್ಲಿ. ಹೂವು ಕೊಳ್ಳಲು ಯಾರೂ ಲಿಫ್ಟ್ ಹತ್ತುವುದಿಲ್ಲ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಗೆ ಬೆಳಗಿನ ಜಾವ ಒಮ್ಮೆ ಹೋಗಿ ಬನ್ನಿ. ಅಲ್ಲಿ ಬಹುಮಹಡಿ ಕಟ್ಟಡ ಇದ್ದರೂ ನಿಜವಾದ ವ್ಯಾಪಾರ ಕೆಳಗೆ, ಹೊರಗೆ, ರಸ್ತೆ ಬದಿಯಲ್ಲಿ ನಡೆಯುತ್ತಿರುತ್ತದೆ.

ಬೇರೆ ಊರುಗಳಲ್ಲಿ ಎರಡೂ ಬಗೆ ಆಗಿದೆ. ಚೆನ್ನೈನ ಮೂರ್ ಮಾರ್ಕೆಟ್ 1985ರಲ್ಲಿ ಸುಟ್ಟುಹೋಯಿತು. ಆ ಜಾಗದಲ್ಲಿ ರೈಲ್ವೆ ಕಟ್ಟಡ ಎದ್ದಿತು, ವ್ಯಾಪಾರಿಗಳಿಗೆ ಪಕ್ಕದಲ್ಲಿ ಬೇರೆ ಕಟ್ಟಡ ಸಿಕ್ಕಿತು. ಹೆಸರು ಉಳಿಯಿತು, ಆ ಗಿಜಿಗುಟ್ಟುವ ಬಜಾರು ಉಳಿಯಲಿಲ್ಲ. ಪುಣೆಯ ಫುಲೆ ಮಂಡಿ ತೆರೆದದ್ದು ನಮ್ಮ ಮಾರುಕಟ್ಟೆ ಎದ್ದ 1886ರ ಹೊತ್ತಿಗೇ. ಅಲ್ಲಿ ಈಗಲೂ ತರಕಾರಿ ಮಾರುತ್ತಿದ್ದಾರೆ.

ಹಾಗಾಗಿ ಕಟ್ಟಡ ಹಳತಾಗಿದೆ ಅನ್ನುವುದಷ್ಟೇ ಉತ್ತರವಲ್ಲ. ಸಾಲು ಸಾಲಾಗಿ ರಿಪೇರಿ ಮಾಡುವುದಾದರೆ ಒಂದೊಂದು ಸಾಲಿನವರು ಮಾತ್ರ ಕೆಲ ತಿಂಗಳು ಪಕ್ಕಕ್ಕೆ ಸರಿದರೆ ಸಾಕು, ಎಲ್ಲರೂ ಗುಳೆ ಹೋಗಬೇಕಿಲ್ಲ. ಅದಕ್ಕೆ ಬದಲಾಗಿ ಬಾಡಿಗೆ ಇಂದಿನ ದರಕ್ಕೆ ಹತ್ತಿರ ಬರಬೇಕು, ಅಟ್ಟಗಳು ಇಳಿಯಬೇಕು, ಬಾಡಿಗೆಯ ಒಂದು ಪಾಲು ಚಾವಣಿಗೇ ಹೋಗಬೇಕು. ಒಂದು ವೇಳೆ ಕೆಡವುವುದೇ ಖಚಿತವಾದರೂ, ಮೊದಲು ಬರಬೇಕಾದದ್ದು ಬುಲ್ಡೋಜರ್ ಅಲ್ಲ, ಕಾಗದ. ಯಾರಿಗೆ ಎಷ್ಟನೇ ನಂಬರಿನ ಮಳಿಗೆ, ಎಷ್ಟು ಅಡಿ, ನೆಲಮಟ್ಟದಲ್ಲೋ ಮೇಲೋ, ಬಾಡಿಗೆ ಎಷ್ಟು, ಎಷ್ಟು ದಿನದಲ್ಲಿ ವಾಪಸ್. ಮಳಿಗೆಯೇ ಇಲ್ಲದೆ ಓಣಿಯಲ್ಲಿ ಬುಟ್ಟಿ ಇಟ್ಟು ಕೂರುವವರ ಹೆಸರೂ ಆ ಕಾಗದದಲ್ಲಿ ಇರಬೇಕು. ಅವರ ಬಗ್ಗೆ ಎರಡೂ ಪಾಳಯದವರು ಮಾತಾಡಿದ್ದು ಕಡಿಮೆಯೇ.