ಪೇಸರ್: ಮುಂದೆ ಓಡಿ ನಡುದಾರಿಯಲ್ಲಿ ಬಿಡುವವರ ಕಸುಬು

ದೊಡ್ಡ ಮ್ಯಾರಥಾನ್‌ಗಳನ್ನು ಟಿ.ವಿ.ಯಲ್ಲಿ ನೋಡುವವರಿಗೆ ಒಂದು ಅನುಮಾನ ಬಂದೇ ಬರುತ್ತದೆ. ಶುರುವಿನಿಂದಲೂ ಎಲ್ಲರಿಗಿಂತ ಮುಂದಿದ್ದ ಮೂರ್ನಾಲ್ಕು ಜನ 25–30 ಕಿ.ಮೀ. ಹೊತ್ತಿಗೆ ಬದಿಗೆ ಸರಿದು ನಿಂತುಬಿಡುತ್ತಾರಲ್ಲ, ಯಾರಿವರು? ಇವರೇ ಪೇಸರ್‌ಗಳು. ಕಿಲೋಮೀಟರಿಗೆ ಇಷ್ಟೇ ಸಮಯದಂತೆ ಇಂತಿಷ್ಟು ದೂರ ಓಡಿಕೊಡಿ ಎಂದು ಸಂಘಟಕರು ದುಡ್ಡು ಕೊಟ್ಟು ಕರೆಸಿದವರು.

ಮೈಸೂರಿನಿಂದ ಮಂಡ್ಯಕ್ಕೆ ಸುಮಾರು 45 ಕಿ.ಮೀ. ಮ್ಯಾರಥಾನ್ 42.195. ಈ ದಾರಿಯಲ್ಲೇ ಓಟ ನಡೆದರೆ ಪೇಸರ್ ಶ್ರೀರಂಗಪಟ್ಟಣ ದಾಟಿಸಿ, ಇನ್ನೊಂದು ಹತ್ತು ಹನ್ನೆರಡು ಕಿ.ಮೀ. ಕರೆದೊಯ್ದು ಕೈಬಿಡುತ್ತಾನೆ. ಕಾಲು ಸೋಲುವ ಕೊನೆಯ ಭಾಗ ಓಟಗಾರನೊಬ್ಬನದೇ.

ಗಂಟೆಗೆ 20 ಕಿ.ಮೀ. ವೇಗದಲ್ಲಿ ಎದುರುಗಾಳಿ ಸಣ್ಣ ಕಾಟವಲ್ಲ. ಮುಂದಿರುವವರ ಮರೆಯಲ್ಲಿ ಓಡಿದರೆ ಶಕ್ತಿ ಉಳಿಯುತ್ತದೆ. ಅದಕ್ಕಿಂತ ದೊಡ್ಡದು, ಗಡಿಯಾರದ ಚಿಂತೆ ತಪ್ಪುವುದು. 2019ರಲ್ಲಿ ವಿಯೆನ್ನಾದಲ್ಲಿ ಕೀನ್ಯಾದ ಓಟಗಾರ ಎಲಿಯುಡ್ ಕಿಪ್ಚೋಗೆ ಮ್ಯಾರಥಾನ್ ದೂರವನ್ನು 1:59:40ಕ್ಕೆ ಮುಗಿಸಿದಾಗ 41 ಪೇಸರ್‌ಗಳು ಸರದಿಯಂತೆ ಬಂದು ಹೋಗಿ ಗಾಳಿ ತಡೆದಿದ್ದರು. ಆದರೆ ದಾಖಲೆಯ ನಿಯಮದಂತೆ ಹೀಗೆ ನಡುವೆ ಬಂದು ಸೇರಿಕೊಳ್ಳುವಂತಿಲ್ಲ, ಪೇಸರ್ ಕೂಡ ಎಲ್ಲರ ಜೊತೆಗೇ ಹೊರಡಬೇಕು. ಹಾಗಾಗಿ ಅದು ವಿಶ್ವದಾಖಲೆಯಾಗಲಿಲ್ಲ. ನನಗೆ ಕಿಪ್ಚೋಗೆಯ ನಿಜವಾದ ತಾಕತ್ತು ಕಾಣುವುದು 2018ರ ಬರ್ಲಿನ್‌ನಲ್ಲಿ. ಕೊನೆಯ ಪೇಸರ್ 25 ಕಿ.ಮೀ.ಗೇ ನಿಂತ ಮೇಲೂ ಒಬ್ಬನೇ ಓಡಿ 2:01:39ರ ದಾಖಲೆ ಬರೆದ.

ಮಹಿಳೆಯರ ದಾಖಲೆಯಲ್ಲಂತೂ ಪೇಸರ್ ಯಾರು ಎಂಬುದೇ ತಕರಾರು. 2003ರಲ್ಲಿ ಲಂಡನ್‌ನಲ್ಲಿ ಬ್ರಿಟನ್ನಿನ ಪೌಲಾ ರಾಡ್‌ಕ್ಲಿಫ್ 2:15:25ಕ್ಕೆ ಓಡಿದಾಗ ಜೊತೆಗೆ ಪೇಸರ್‌ಗಳಾಗಿ ಗಂಡಸರಿದ್ದರು. ಈಗ ಮಹಿಳೆಯರೇ ಇರುವ ಓಟದ ದಾಖಲೆಯನ್ನು ಬೇರೆಯಾಗಿಯೇ ಬರೆದಿಡುತ್ತಾರೆ.

ಅಂತರರಾಷ್ಟ್ರೀಯ ಓಟಗಾರರಾಗಹೊರಟವರಿಗೆ ಇದು ಸಂಪಾದನೆಯೂ ಹೌದು, ಕಲಿಕೆಯೂ ಹೌದು. ಓಟ ಪೂರ್ತಿ ಮುಗಿಸಬಾರದೆಂಬ ಕಾನೂನೇನೂ ಇಲ್ಲ. 1994ರ ಲಾಸ್ ಏಂಜಲೀಸ್ ಮ್ಯಾರಥಾನ್‌ಗೆ ಪೇಸರ್ ಆಗಿ ಬಂದಿದ್ದ ಪಾಲ್ ಪಿಲ್ಕಿಂಗ್‌ಟನ್ ನಿಲ್ಲದೆ ಓಡಿ ಗೆದ್ದೇಬಿಟ್ಟ. ಎರಡನೆಯವನಾಗಿ ಬಂದ ಇಟಲಿಯ ಲೂಕಾ ಬಾರ್ಜಾಗಿ ತಾನೇ ಗೆದ್ದೆ ಅಂದುಕೊಂಡಿದ್ದನಂತೆ! 2000ದ ಬರ್ಲಿನ್ ಗೆದ್ದ ಕೀನ್ಯಾದ ಸೈಮನ್ ಬಿವೊಟ್ ಕೂಡ ಪೇಸರ್ ಆಗಿಯೇ ಬಂದವನು.

ಒಲಿಂಪಿಕ್ಸ್‌ನಲ್ಲಿ ಬಾಡಿಗೆ ಪೇಸರ್ ಇಲ್ಲ. 1976ರ ಮಾಂಟ್ರಿಯಲ್‌ನಲ್ಲಿ ನಮ್ಮ ಶಿವನಾಥ್ ಸಿಂಗ್ 11ನೆಯವರಾಗಿ ಬಂದದ್ದು ಅಂಥ ಓಟದಲ್ಲಿ. ವೇಗ ಏರಿಸುವುದು, ಇಳಿಸುವುದು, ಯಾರ ಬೆನ್ನು ಹಿಡಿಯಬೇಕೆಂಬುದು ಎಲ್ಲ ಸ್ವಂತ ಲೆಕ್ಕ. ನೋಡಲು ಇವೇ ಚೆಂದ.

ಊರಿನ ಹಾಫ್ ಮ್ಯಾರಥಾನ್‌ಗಳಲ್ಲಿ ಬೆನ್ನಿಗೆ ‘2:00’ ಎಂಬ ಬಾವುಟ ಕಟ್ಟಿಕೊಂಡು ಓಡುವವರನ್ನೂ ಪೇಸರ್ ಎಂದೇ ಕರೆಯುತ್ತಾರೆ. ಇವರದು ಬೇರೆ ಜಾತಿ. ಜಂಬೂಸವಾರಿಯ ನಿಶಾನೆ ಆನೆಯ ಹಾಗೆ ಇವರು ಕೊನೆಯವರೆಗೂ ಮುಂದಿರಬೇಕು, ನಡುವೆ ಬಿಟ್ಟುಹೋಗುವಂತಿಲ್ಲ. ಎರಡು ಗಂಟೆಯ ಬಾವುಟವೆಂದರೆ ಕಿಲೋಮೀಟರಿಗೆ ಸುಮಾರು 5 ನಿಮಿಷ 41 ಸೆಕೆಂಡು. ಕುಕ್ಕರಹಳ್ಳಿ ಕೆರೆ ಏರಿಯಂಥ ಸಪಾಟು ಜಾಗದಲ್ಲಿ ಇದು ಸಲೀಸು. ಚಾಮುಂಡಿ ಬೆಟ್ಟದ ಕಡೆ ಏರು ಸಿಕ್ಕರೆ ಕೆಲವರು ಅಲ್ಲಿ ನಿಧಾನಿಸಿ ಇಳಿಜಾರಿನಲ್ಲಿ ಸರಿತೂಗಿಸುತ್ತಾರೆ, ಕೆಲವರು ಒಂದೇ ವೇಗ ಹಿಡಿದು ಹಿಂದಿನವರ ಉಸಿರು ಕಟ್ಟಿಸುತ್ತಾರೆ. ನಿಮ್ಮ ಪೇಸರ್ ಯಾವ ಥರದವರು ಅಂತ ಹೊರಡುವ ಮೊದಲೇ ಕೇಳಿಬಿಡಿ.